ಕಾರಿಲ್ಲದ ಮನೆಯ ಮಕ್ಕಳು

ನಮ್ಮ ಪುಟ್ಟಿಯನ್ನು ಒಂದನೆಯ ತರಗತಿಗೆ ಸೇರಿಸಲು ಹೋದಾಗ, ತುಂಬಿಕೊಡಬೇಕಾಗಿದ್ದ ಅರ್ಜಿಯಲ್ಲಿ 'ಮಗುವನ್ನು ಕರೆತರುವ ವಾಹನದ ನಂಬರು' ಎಂದು ಒಂದು ಕಲಮು ಇದ್ದಿತು. ಯಜಮಾನರು ಅದರ ಎದುರಿಗೆ ಒಂದು ಗೀಟೆಳೆದು ಅರ್ಜಿಯನ್ನು ಒಪ್ಪಿಸಿದರು. ಕಿಟಕಿಯ ಒಳಗಿದ್ದ ಹೆಣ್ಣುಮಗಳು ಅದನ್ನು ಹಿಂದಕ್ಕೆ ಸರಿಸಿ, "ಇದನ್ನ ಬಿಟ್ಟಿದ್ದೀರಿ ಸಾರ್" ಎಂದಳು. "ನಮಗೆ ಕಾರಿಲ್ಲಮ್ಮ, ನಡೆದುಕೊಂಡು ಬರುತ್ತೇವೆ" ಎಂದು ಇವರು ಹೇಳಿದರು. ಆಕೆ ಸ್ವಲ್ಪ ಹೊತ್ತು ಯೋಚಿಸಿ, ಬಹಳ ಮರ್ಯಾದೆಯಿಂದ, "ಹಾಗಾದರೆ ಸದ್ಯಕ್ಕೆ ಖಾಲಿ ಇರಲಿ, ತೊಗೊಂಡ ಮೇಲೆ ಬಂದು ತುಂಬಿಸಿಬಿಡಿ" ಎಂದಳು.

ಆ ಕಲಮು ಇಂದಿಗೂ ಖಾಲಿಯಾಗಿಯೇ ಇದೆ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿರುವೆನೆಂದು ಓದುಗರು ತಿಳಿಯಬಾರದು. ನಾವು ಯಾವ ವ್ರತವನ್ನೂ ಹಿಡಿದವರಲ್ಲ. ಕಾರಿನಲ್ಲಿ ಕುಳಿತರೆ ಪಾಪ ತಟ್ಟುವುದೆಂದು ನಂಬಿದವರೂ ಅಲ್ಲ. ಮದುವೆಯಾದ ಹೊಸದರಲ್ಲಿ ಕಾರು ಕೊಳ್ಳಲು ಹಣವಿರಲಿಲ್ಲ. ಹಣ ಕೂಡುವ ಕಾಲಕ್ಕೆ ಅದನ್ನು ನಿಲ್ಲಿಸಲು ಜಾಗವಿರಲಿಲ್ಲ. ಜಾಗದ ಯೋಚನೆಯನ್ನು ಮಾಡುತ್ತಿರುವಷ್ಟರಲ್ಲಿ ಇಲ್ಲದೆಯೇ ಬಾಳುವುದು ರೂಢಿಯಾಗಿ ಹೋಯಿತು. ನಾವಿರುವುದು ಬೆಂಗಳೂರಿನ ಹನುಮಂತನಗರದಲ್ಲಿ, ಹಳೆಯದೊಂದು ಮನೆಯ ಮಹಡಿಯ ಮೇಲೆ. ಕೆಳಗೆ ಮನೆಯ ಮಾಲೀಕರ ಎರಡು ಸ್ಕೂಟರುಗಳೂ ನಮ್ಮದೊಂದೂ ನಿಂತುಬಿಟ್ಟರೆ ತುಳಸಿಕಟ್ಟೆಗೆ ಪ್ರದಕ್ಷಿಣೆ ಬರುವುದಕ್ಕೂ ಸ್ಥಳ ಉಳಿಯದು. ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿಯನ್ನು ದಾಟಿರುವ ಈ ಊರಿನಲ್ಲಿ, ಆರು ವರ್ಷದ ಹೆಣ್ಣುಮಗುವನ್ನೂ ಮೂರು ತುಂಬುತ್ತಿರುವ ಗಂಡುಮಗುವನ್ನೂ ಕಟ್ಟಿಕೊಂಡು ಕಾರಿಲ್ಲದೆ ತಿರುಗುತ್ತ, ಮಕ್ಕಳಿಗೆ ನಾವು ಮಾಡುತ್ತಿರುವುದು ಉಪಕಾರವೋ ಅಪಕಾರವೋ ಎಂದು ನಾನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಈಚೆಗೆ ಒಂದು ರಾತ್ರಿ ಆ ಪ್ರಶ್ನೆ ಬಹಳ ಗಟ್ಟಿಯಾಗಿಯೇ ಕೇಳಿಸಿತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಅಜ್ಜಿ ಚಾಮರಾಜಪೇಟೆಯಲ್ಲಿ ಐದು ಮಕ್ಕಳನ್ನು ಸಾಕಿದವರು. ಅವರ ಕಾಲದಲ್ಲಿ ದೂರ ಹೋಗಬೇಕಾದರೆ ಜಟಕಾ ಬಂಡಿ, ಹತ್ತಿರವಾದರೆ ಕಾಲು. ತಮ್ಮದು 'ಜಟಕಾ ಇಲ್ಲದ ಸಂಸಾರ'ವೆಂಬ ಭಾವನೆ ಅವರಿಗೆ ಕನಸಿನಲ್ಲಿಯೂ ಬಂದಿರಲಾರದು. ಆದರೆ ಅಜ್ಜಿಯ ಹೆಸರನ್ನು ಹೇಳಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ಅವರ ಮಕ್ಕಳು ನಡೆದ ಬೀದಿಯೇ ಬೇರೆ, ನನ್ನ ಮಕ್ಕಳು ನಡೆಯುವ ಬೀದಿಯೇ ಬೇರೆ. ಜಟಕಾದ ಕುದುರೆಯು ದಾರಿಯಲ್ಲಿ ಮಗುವನ್ನು ಕಂಡರೆ ಯಾರೂ ಹೇಳದೆ ತಾನೇ ನಿಲ್ಲುತ್ತಿದ್ದಿತಂತೆ.

ಪುಟ್ಟಿಯೊಬ್ಬಳೇ ಇದ್ದಾಗ ಸ್ಕೂಟರು ನಮ್ಮನ್ನು ಕಾಪಾಡಿತು. ಅವಳನ್ನು ಮುಂದೆ ನಿಲ್ಲಿಸಿಕೊಂಡು, ನಾನು ಹಿಂದೆ ಕುಳಿತು, ನಾವು ಮೂವರೂ ಬನಶಂಕರಿಗೂ ಮಲ್ಲೇಶ್ವರಕ್ಕೂ ಹೋಗಿ ಬರುತ್ತಿದ್ದೆವು. ಅದು ಕಾನೂನಿಗೆ ವಿರುದ್ಧವೆಂಬುದು ನಮಗೆ ತಿಳಿಯದ ವಿಷಯವಲ್ಲ. ದ್ವಿಚಕ್ರದ ಮೇಲೆ ನಡೆಸುವವನೊಬ್ಬನು, ಹಿಂದೆ ಒಬ್ಬರು, ಅಷ್ಟೆ. ಊರೆಲ್ಲ ಹಾಗೆ ಹೋಗುತ್ತಿರುವಾಗ ನಾವೂ ಹೋದೆವು ಎಂಬುದಕ್ಕಿಂತ ಒಳ್ಳೆಯ ಸಮಾಧಾನ ನಮ್ಮಲ್ಲಿಲ್ಲ. ಕಿರಿಯವನು ಹುಟ್ಟಿದ ಮೇಲೆ ಒಂದೇ ಒಂದು ಸಲ ನಾಲ್ವರೂ ಒಂದೇ ಸ್ಕೂಟರಿನ ಮೇಲೆ ಕುಳಿತೆವು. ಮನೆಯಿಂದ ರಾಮಕೃಷ್ಣಾಶ್ರಮದ ವೃತ್ತಕ್ಕೆ ಹೋಗುವುದರೊಳಗೆ ನನ್ನ ಎದೆ ಬಡಿದುಕೊಂಡದ್ದು ನನಗೇ ಕೇಳಿಸುತ್ತಿದ್ದಿತು. 2023ರ ಫೆಬ್ರವರಿಯಿಂದ, ಒಂಬತ್ತು ತಿಂಗಳು ತುಂಬಿದ, ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರದಲ್ಲಿ ಕೂರಿಸಿಕೊಂಡರೆ ಅದನ್ನು ಸವಾರನಿಗೆ ಪಟ್ಟಿಯಿಂದ ಕಟ್ಟಿರಬೇಕು, ತಲೆಗೆ ಶಿರಸ್ತ್ರಾಣವಿರಬೇಕು, ವೇಗ ಗಂಟೆಗೆ 40 ಕಿಲೋಮೀಟರನ್ನು ಮೀರಬಾರದು ಎಂದು ನಿಯಮವಾಗಿದೆ. ಒಳ್ಳೆಯ ನಿಯಮ. ಎಳೆಯ ಮಗುವಿನ ಕತ್ತು ಆ ಶಿರಸ್ತ್ರಾಣವನ್ನು ಹೊತ್ತು ನಿಲ್ಲುವುದನ್ನು ನೋಡುವುದಕ್ಕೆ ಮಾತ್ರ ನನ್ನಿಂದಾಗಲಿಲ್ಲ. ಅಂದಿನಿಂದ ಸ್ಕೂಟರು ಯಜಮಾನರ ಕಚೇರಿಗೂ ಅಕ್ಕಿಯ ಮೂಟೆಗೂ ಮೀಸಲಾಯಿತು. ಮಕ್ಕಳೊಡನೆ ನಾವು ಕಾಲ್ನಡಿಗೆಗೂ ಬಸ್ಸಿಗೂ ಬಂದೆವು.

ಮಗುವಿನೊಡನೆ ನಡೆಯುವುದನ್ನು ನಡಿಗೆಯೆಂದು ಕರೆಯಬಹುದೋ ಇಲ್ಲವೋ ನಾನರಿಯೆ. ನಮ್ಮ ಮನೆಯಿಂದ ಗಾಂಧಿ ಬಜಾರನ್ನು ಹಾದು ನ್ಯಾಷನಲ್ ಕಾಲೇಜಿನ ಮೆಟ್ರೋ ನಿಲ್ದಾಣಕ್ಕೆ ನಾನೊಬ್ಬಳೇ ಹೊರಟರೆ ಅರ್ಧ ಗಂಟೆ ಹಿಡಿಯುತ್ತದೆ. ಚಿಕ್ಕವನು ಜೊತೆಗಿದ್ದರೆ ಒಂದು ಗಂಟೆಗೆ ಕಡಮೆಯಿಲ್ಲ. ಇರುವೆಯ ಸಾಲು ಕಂಡರೆ ಅದು ಮುಗಿಯುವವರೆಗೂ ಅವನು ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳುತ್ತಾನೆ. ಹೂವಿನ ಅಂಗಡಿಯಾಕೆ ದಿನಕ್ಕೊಂದು ಸೇವಂತಿಗೆಯನ್ನು ಅವನ ಕೈಗೆ ಕೊಡಬೇಕು. ಅದನ್ನು ಅವನು ಮುಂದಿನ ತಿರುವಿನಲ್ಲಿ ಮಲಗಿರುವ ಬಿಳಿಯ ನಾಯಿಯ ಬೆನ್ನಿನ ಮೇಲೆ ಇಡಬೇಕು. ನಾಯಿ ಒಂದು ಕಣ್ಣನ್ನು ತೆರೆದು ನೋಡಿ ಮುಚ್ಚಿಕೊಳ್ಳಬೇಕು. ಇಷ್ಟೂ ನಡೆಯದಿದ್ದರೆ ಅವನ ಕಾಲು ಮುಂದಕ್ಕೆ ಬಾರದು. ಮೊದಮೊದಲು ನನಗೆ ಸಿಟ್ಟು ಬರುತ್ತಿದ್ದಿತು. ಈಗ ಅರ್ಧ ಗಂಟೆ ಮುಂಚಿತವಾಗಿ ಹೊರಡುತ್ತೇನೆ.

ಸಿಟ್ಟು ಬರಬೇಕಾದ ಸಂಗತಿ ಬೇರೆಯಿದೆ. ಫುಟ್‌ಪಾತು ಎಂಬುದು ನಮ್ಮಲ್ಲಿ ಹತ್ತು ಹೆಜ್ಜೆ ಇದ್ದು ಹನ್ನೊಂದನೆಯ ಹೆಜ್ಜೆಗೆ ಮುಗಿದುಹೋಗುತ್ತದೆ. ಒಂದು ಕಡೆ ಚಪ್ಪಡಿ ಕಿತ್ತುಬಂದಿರುತ್ತದೆ; ಒಂದು ಕಡೆ ವಿದ್ಯುತ್ತಿನ ಪೆಟ್ಟಿಗೆ ನಿಂತಿರುತ್ತದೆ; ಉಳಿದ ಕಡೆಗಳಲ್ಲಿ ಕಾರುಗಳು ಮಲಗಿರುತ್ತವೆ. ದೊಡ್ಡವರು ಒಂದು ಹೆಜ್ಜೆ ಕೆಳಗಿಳಿದು ಮತ್ತೆ ಮೇಲಕ್ಕೆ ಹತ್ತಿಬಿಡುವರು. ಮಗುವಿಗೆ ಅದು ಒಂದೊಂದು ಸಲವೂ ಗೋಡೆಯನ್ನು ಹತ್ತಿ ಇಳಿದಂತೆ. ಪುಟ್ಟಿ ಹುಟ್ಟಿದಾಗ ನಮ್ಮಣ್ಣ ಬಹಳ ಪ್ರೀತಿಯಿಂದ, ಬಹಳ ಬೆಲೆ ಕೊಟ್ಟು, ಮಗುವನ್ನು ಕೂರಿಸಿ ತಳ್ಳುವ ಒಂದು ಗಾಡಿಯನ್ನು ತಂದುಕೊಟ್ಟನು. ಎರಡು ಸಲ ಅದನ್ನು ಬೀದಿಗಿಳಿಸಿದೆವು. ಎರಡು ಸಲವೂ ಮಗುವನ್ನು ನಾನೂ ಗಾಡಿಯನ್ನು ಯಜಮಾನರೂ ಎತ್ತಿಕೊಂಡು ಮನೆಗೆ ಬಂದೆವು. ಈಗ ಅದರಲ್ಲಿ ಹಳೆಯ ವೃತ್ತಪತ್ರಿಕೆಗಳಿವೆ. ಅದರ ಕೆಲಸವನ್ನೆಲ್ಲ ಮಾಡಿದುದು ನಮ್ಮಮ್ಮನ ಹಳೆಯ ನೂಲಿನ ಸೀರೆ. ಎದೆಗೆ ಅಡ್ಡಲಾಗಿ ಸುತ್ತಿ, ಬೆನ್ನ ಹಿಂದೆ ಗಂಟು ಹಾಕಿ, ಮಗುವನ್ನು ಅದರಲ್ಲಿ ಇಳಿಬಿಟ್ಟರೆ ಎರಡು ಕೈಗಳೂ ಬಿಡುವಾಗುತ್ತಿದ್ದವು. ಒಂದರಲ್ಲಿ ಪುಟ್ಟಿ, ಇನ್ನೊಂದರಲ್ಲಿ ಚೀಲ. ಆ ಚೀಲದಲ್ಲಿ ನೀರಿನ ಸೀಸೆ, ಒಗ್ಗರಣೆ ಅವಲಕ್ಕಿಯ ಡಬ್ಬಿ, ಎರಡು ಚಡ್ಡಿ, ಒಂದು ಟವೆಲು, ವಾಂತಿಗೆಂದು ಎರಡು ಕವರು, ಕೊಡೆ ಇವು ಯಾವಾಗಲೂ ಇರುತ್ತವೆ. ನಮ್ಮಂತೆ ತಿರುಗುವ ತಾಯಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಕೊಡೆಯನ್ನು ಬೇಸಗೆಯಲ್ಲಿಯೂ ಬಿಟ್ಟು ಹೋಗಬೇಡಿರಿ. ಬಸ್ಸಿಗೆ ಕಾಯುವ ಕಡೆ ನೆರಳಿರುವುದೆಂದು ನಂಬಲಾಗದು.

ಬಸ್ಸಿನ ಸುಖವನ್ನು ಹೇಳಿದರೆ ಕೆಲವರು ನಂಬುವುದಿಲ್ಲ. ತುಂಬಿದ ಬಸ್ಸಿಗೆ ಮಗುವನ್ನು ಎತ್ತಿಕೊಂಡು ಹತ್ತಿದೆನೆಂದರೆ, ಕುಳಿತಿರುವವರಲ್ಲಿ ಯಾರಾದರೂ ಎದ್ದು ಜಾಗ ಕೊಡದಿದ್ದರೂ, "ಮಗೂನ ಇಲ್ಲಿ ಕೊಡಮ್ಮ" ಎಂಬ ಮಾತು ಯಾವ ಕಡೆಯಿಂದಲಾದರೂ ಬಂದೇ ಬರುತ್ತದೆ. ನನ್ನ ಮಕ್ಕಳಿಬ್ಬರೂ ಹೀಗೆ ಎಷ್ಟು ಮಂದಿಯ ತೊಡೆಯ ಮೇಲೆ ಕುಳಿತಿದ್ದಾರೆಂಬುದಕ್ಕೆ ಲೆಕ್ಕವಿಲ್ಲ. ಕಾಲೇಜಿನ ಹುಡುಗಿಯರು, ಮನೆಗೆಲಸಕ್ಕೆ ಹೋಗುವವರು, ಬುರ್ಖಾ ತೊಟ್ಟ ಮುದುಕಿಯೊಬ್ಬರು, ಒಂದು ಸಲ ಸಮವಸ್ತ್ರದಲ್ಲಿದ್ದ ಮಹಿಳಾ ಪೊಲೀಸು. ಒಂದು ಬೆಳಿಗ್ಗೆ ಮಲ್ಲೇಶ್ವರದ ತೌರಿನಿಂದ ಹಿಂದಿರುಗುತ್ತ ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿದಾಗ, ಹೂವಿನ ಬುಟ್ಟಿಯನ್ನು ಕಾಲಬಳಿ ಇಟ್ಟುಕೊಂಡು ಕುಳಿತಿದ್ದ ಹೆಂಗಸೊಬ್ಬಳು ಚಿಕ್ಕವನನ್ನು ತೆಗೆದುಕೊಂಡಳು. ಎರಡು ನಿಲ್ದಾಣ ಕಳೆಯುವಷ್ಟರಲ್ಲಿ ಅವನು ಅವಳ ಮಡಿಲಿನಲ್ಲಿ ನಿದ್ದೆಹೋದನು. ಅವಳು ಇಳಿಯಬೇಕಾದ ನಿಲ್ದಾಣ ಬಂದಿತು. ಅವನನ್ನು ಎಬ್ಬಿಸಲು ಮನಸ್ಸು ಬಾರದೆ ಮುಂದಿನ ನಿಲ್ದಾಣದವರೆಗೂ ಕುಳಿತಿದ್ದು, ಬಳಿಕ ಮೆಲ್ಲನೆ ನನ್ನ ಕೈಗೆ ಕೊಟ್ಟು, ಅಷ್ಟು ದೂರ ಬುಟ್ಟಿಯನ್ನು ಹೊತ್ತು ಹಿಂದಕ್ಕೆ ನಡೆದು ಹೋದಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ. ಮಗುವಿನ ತಲೆಯಲ್ಲಿ ಸಂಜೆಯವರೆಗೆ ಮಲ್ಲಿಗೆಯ ವಾಸನೆಯಿತ್ತು.

ಪುಟ್ಟಿ ಕನ್ನಡದ ಅಕ್ಷರಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಲಿತದ್ದು ಬಸ್ಸುಗಳ ಹಣೆಯ ಮೇಲೆ. 'ಬನಶಂಕರಿ'ಯಲ್ಲಿ ಬ, 'ಜಯನಗರ'ದಲ್ಲಿ ಜ. 'ಕೃಷ್ಣರಾಜೇಂದ್ರ ಮಾರುಕಟ್ಟೆ' ಎಂಬುದನ್ನು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತಿದ್ದಿತು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲವಷ್ಟೆ. ನನಗೂ ಪುಟ್ಟಿಗೂ ಹಣವಿಲ್ಲ. ಚಿಕ್ಕವನಿಗೆ ಇನ್ನೂ ಟಿಕೆಟ್ಟಿನ ವಯಸ್ಸಾಗಿಲ್ಲ. "ನಮ್ಮ ಮನೆಯಲ್ಲಿ ಅಪ್ಪ ಒಬ್ಬನೇ ದುಡ್ಡು ಕೊಡೋನು" ಎಂದು ಪುಟ್ಟಿ ಕಂಡವರಿಗೆಲ್ಲ ಸಾರುತ್ತಾಳೆ. ನೂಕುನುಗ್ಗಲು ಹೆಚ್ಚಾಯಿತೆಂದು ಗೊಣಗುವವರುಂಟು, ಹೆಚ್ಚಾದದ್ದೂ ನಿಜವೇ. ಆದರೆ ಮಕ್ಕಳನ್ನು ಕರೆದುಕೊಂಡು ಲಾಲ್‌ಬಾಗಿಗೆ ಬಂದಿರುವ, ಮೊದಲು ಮನೆಯ ಬೀದಿಯನ್ನು ದಾಟದಿದ್ದ ಎಷ್ಟೋ ತಾಯಂದಿರನ್ನು ನಾನು ಈಗ ಬಸ್ಸಿನಲ್ಲಿ ಕಾಣುತ್ತಿದ್ದೇನೆ.

ಮೆಟ್ರೋದ ವಿಷಯ ಮಕ್ಕಳ ಪಾಲಿಗೆ ಬೇರೆಯೇ ಲೋಕ. ನ್ಯಾಷನಲ್ ಕಾಲೇಜಿನ ನಿಲ್ದಾಣ ಮರಗಳ ತಲೆಗಿಂತ ಎತ್ತರದಲ್ಲಿದೆ. ಅಲ್ಲಿಂದ ಮೆಜೆಸ್ಟಿಕ್ಕಿನ ಕಡೆಗೆ ಹೊರಟ ರೈಲು ಸ್ವಲ್ಪ ದೂರ ಹೋಗಿ ಇಳಿಜಾರಿನಲ್ಲಿ ನೆಲದೊಳಕ್ಕೆ ಮುಳುಗುತ್ತದೆ. ಆ ಕ್ಷಣಕ್ಕಾಗಿ ಚಿಕ್ಕವನು ಕಿಟಕಿಗೆ ಮೂಗನ್ನೊತ್ತಿ ಕಾಯುತ್ತಾನೆ. ಬೆಳಕು ಹೋಗಿ ಕಿಟಕಿಯಲ್ಲಿ ಅವನ ಮುಖವೇ ಅವನಿಗೆ ಕಂಡಾಗ, ಪ್ರತಿ ಸಲವೂ ಹೊಸದಾಗಿ, "ಹೋಯ್ತು!" ಎಂದು ಕೂಗುತ್ತಾನೆ. ಮೂರಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಅಲ್ಲಿ ಟಿಕೆಟ್ಟು ಬೇಡ. ಪುಟ್ಟಿ ಮೂರಡಿ ದಾಟಿದ ದಿನ ತನ್ನದೇ ಟೋಕನ್ನು ಬೇಕೆಂದು ಹಟಮಾಡಿ ಪಡೆದಳು. ಚಿಕ್ಕವನಿಗೂ ಅದೇ ಹಂಬಲ. ಅಡಿಗೆಮನೆಯ ಬಾಗಿಲಿನ ಚೌಕಟ್ಟಿನಲ್ಲಿ ಮೂರಡಿಗೆ ಒಂದು ಸೀಸದ ಗೆರೆಯಿದೆ. ಊಟವಾದೊಡನೆ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಬೇರೆ ತಾಯಂದಿರು ಮಗುವಿಗೆ ಊಟ ಮಾಡಿಸಲು ಪಡುವ ಪಾಡನ್ನು ಕೇಳಿದಾಗ ಈ ಗೆರೆಯ ಉಪಾಯವನ್ನು ಹೇಳಿಕೊಡೋಣವೆನ್ನಿಸುತ್ತದೆ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಓದುಗರಿಗೆ ಮೋಸ ಮಾಡಿದಂತಾಗುವುದು.

ಕಳೆದ ಬೇಸಗೆಯಲ್ಲಿ ಒಂದು ಸಂಜೆ ನಾನೂ ಮಕ್ಕಳೂ ಬಸ್ಸಿನಿಂದ ಇಳಿಯುತ್ತಿದ್ದೆವು. ಬಸ್ಸು ಫುಟ್‌ಪಾತಿಗೆ ತಾಗಿ ನಿಲ್ಲದೆ ಒಂದು ಮಾರು ಈಚೆಗೆ, ರಸ್ತೆಯಲ್ಲಿಯೇ ನಿಂತಿತ್ತು. ಚಿಕ್ಕವನು ನನ್ನ ಕಂಕುಳಲ್ಲಿದ್ದನು. ಪುಟ್ಟಿ ಮುಂದಾಗಿ ಮೆಟ್ಟಿಲಿನಿಂದ ಕೆಳಕ್ಕೆ ಹಾರಿದಳು. ಅದೇ ಗಳಿಗೆಯಲ್ಲಿ ಬಸ್ಸಿಗೂ ಫುಟ್‌ಪಾತಿಗೂ ನಡುವಣ ಆ ಒಂದು ಮಾರು ಜಾಗದಲ್ಲಿ ಮೋಟಾರು ಸೈಕಲ್ಲೊಂದು ನುಗ್ಗಿ ಬಂದಿತು. ಅದು ಅವಳ ಲಂಗದ ಅಂಚನ್ನು ಸೆಳೆದುಕೊಂಡು ಹೋಯಿತು. ಅವಳು ಗಿರ್ರನೆ ತಿರುಗಿ ಕುಳಿತುಬಿಟ್ಟಳು. ಒಂದು ಚಪ್ಪಲಿ ಎಲ್ಲಿಗೆ ಹಾರಿತೋ ಕೊನೆಗೂ ಸಿಕ್ಕಲಿಲ್ಲ. ಮೊಣಕಾಲು ತರಚಿದ್ದು ಬಿಟ್ಟರೆ ಬೇರೆ ಗಾಯವಿರಲಿಲ್ಲ. ಅವಳು ಅಳಲಿಲ್ಲ, ಅದೇ ನನಗೆ ಹೆಚ್ಚು ಭಯವಾದದ್ದು. ಮನೆಗೆ ಬಂದು, ಕಾಲು ತೊಳೆದು, ಎಣ್ಣೆ ಹಚ್ಚುವಾಗ, "ನಾನು ಏನು ತಪ್ಪು ಮಾಡಿದೆ ಅಮ್ಮ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಆಮೇಲೆ ಹತ್ತು ದಿನ ಅವಳು ಬಸ್ಸನ್ನು ಹತ್ತಲೊಲ್ಲಳು. ಹನ್ನೊಂದನೆಯ ದಿನ, ಭಾನುವಾರ, ಯಜಮಾನರು ಅವಳೊಬ್ಬಳನ್ನೇ ಕರೆದುಕೊಂಡು ಹೋಗಿ, ಒಂದೊಂದು ನಿಲ್ದಾಣಕ್ಕೂ ಹತ್ತುವುದು ಇಳಿಯುವುದು, ಹತ್ತುವುದು ಇಳಿಯುವುದು, ಹೀಗೆ ಇಡೀ ಬೆಳಗನ್ನು ಕಳೆದರು. ಮೆಟ್ಟಿಲಿನ ಮೇಲೆ ನಿಲ್ಲಬೇಕು, ಕಂಬಿಯನ್ನು ಬಿಡಬಾರದು, ಕತ್ತನ್ನು ಹೊರಚಾಚಿ ಎಡಗಡೆ, ಬಸ್ಸಿನ ಹಿಂಭಾಗದ ಕಡೆಗೆ, ನೋಡಬೇಕು, ಏನೂ ಬರುತ್ತಿಲ್ಲವೆಂದು ಖಂಡಿತವಾದ ಮೇಲೆ ಕಾಲಿಡಬೇಕು. ಹಿಂದಿನಿಂದ ಯಾರು ಎಷ್ಟೇ ತಳ್ಳಿದರೂ ಸರಿಯೆ. ಈ ಪಾಠ ಅವಳಿಗೆ ಚೆನ್ನಾಗಿ ಬಂದಿದೆ. ಆರು ವರ್ಷದ ಮಗುವಿಗೆ ಇಂಥ ಪಾಠವನ್ನು ಕಲಿಸಬೇಕಾಗಿ ಬಂದುದೇ ಅನ್ಯಾಯವೆಂದು ಈಗಲೂ ನನ್ನ ಹೊಟ್ಟೆಯುರಿಯುತ್ತದೆ.

ಇನ್ನು ಆ ರಾತ್ರಿ. ಆಷಾಢದ ಮಳೆ ಹಿಡಿದಿತ್ತು. ಚಿಕ್ಕವನಿಗೆ ಸಂಜೆಯಿಂದ ಸ್ವಲ್ಪ ನೆಗಡಿ; ಮಲಗಿಸಿದೆವು. ರಾತ್ರಿ ಒಂದೂವರೆಯ ಸುಮಾರಿಗೆ ನಾಯಿ ಬೊಗಳಿದಂಥ ಕೆಮ್ಮಿನ ಸದ್ದಿಗೆ ನನಗೆ ಎಚ್ಚರವಾಯಿತು. ಎದ್ದು ನೋಡಿದರೆ ಮಗು ಹಾಸಿಗೆಯಲ್ಲಿ ಕುಳಿತಿದೆ. ಉಸಿರನ್ನು ಒಳಕ್ಕೆ ಎಳೆಯುವಾಗಲೆಲ್ಲ ಗಂಟಲಿನಿಂದ ಗರಗಸದಂಥ ಶಬ್ದ. ಎದೆಯ ಗುಂಡಿ ಒಳಕ್ಕೆ ಹೋಗುತ್ತಿದೆ. ಯಜಮಾನರು ಫೋನನ್ನು ಹಿಡಿದು ಆಟೋ ಕರೆಯತೊಡಗಿದರು. ಒಬ್ಬನು ಒಪ್ಪಿಕೊಂಡು ಎರಡು ನಿಮಿಷದ ಮೇಲೆ ಬಾರೆನೆಂದನು. ಇನ್ನೊಬ್ಬನು ಎಲ್ಲಿಗೆಂದು ಕೇಳಿ ಸುಮ್ಮನಾದನು. ಮೂರನೆಯವನ ಗಾಡಿ ನಕಾಶೆಯಲ್ಲಿ ನಿಂತಲ್ಲಿಯೇ ನಿಂತಿತ್ತು. 108ಕ್ಕೆ ಕರೆಮಾಡಿದರೆ ಆಂಬುಲೆನ್ಸು ಬರುವುದೆಂಬುದು ನಾಡಿನಲ್ಲಿ ಮಕ್ಕಳಿಗೂ ಗೊತ್ತು. 2008ರಿಂದ ಅದು ಇದೆ. ಆ ಹೊತ್ತಿನಲ್ಲಿ ನಮ್ಮಿಬ್ಬರಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು, ಮಳೆಯಲ್ಲಿ, ಗೇಟಿನ ಹತ್ತಿರ ನಿಂತುಕೊಂಡು ನಾನು ಬೀದಿಯ ಎರಡು ಕಡೆಗೂ ನೋಡಿದೆನು. ನಮ್ಮ ಬೀದಿಯಲ್ಲಿ ಆ ರಾತ್ರಿ ಹದಿನೇಳು ಕಾರುಗಳು ನಿಂತಿದ್ದವು. ಯಾಕೆ ಎಣಿಸಿದೆನೋ ತಿಳಿಯದು, ಎಣಿಸಿದ್ದು ನಿಜ.

ಎದುರುಮನೆಯ ರಾಯರಿಗೆ ಎಪ್ಪತ್ತೆರಡು ವರ್ಷ. ಅವರ ಬಾಗಿಲನ್ನು ತಟ್ಟುವುದಕ್ಕೆ ಯಜಮಾನರು ಹಿಂದೆಮುಂದೆ ನೋಡುತ್ತಿದ್ದರು. ನಾನೇ ಹೋಗಿ ತಟ್ಟಿದೆನು. ಅವರು ಒಂದು ಮಾತನ್ನೂ ಕೇಳಲಿಲ್ಲ. ಮಗುವಿನ ಉಸಿರಾಟವನ್ನು ಒಂದು ಸಲ ಆಲಿಸಿ, ಲುಂಗಿಯ ಮೇಲೆಯೇ ಒಂದು ಅಂಗಿಯನ್ನು ಸಿಕ್ಕಿಸಿಕೊಂಡು ಕಾರನ್ನು ಹೊರಡಿಸಿದರು. ರಾಯರ ಮನೆಯವರು ಪುಟ್ಟಿಯ ಬಳಿ ಮಲಗಲು ನಮ್ಮ ಮನೆಗೆ ಬಂದರು. ಆಸ್ಪತ್ರೆ ನಾಲ್ಕು ಕಿಲೋಮೀಟರು. ಮಗುವಿಗೆ ಗಾಳಿ ಸಾಲದೆಂದು ನಾನು ಕಿಟಕಿಯನ್ನು ಇಳಿಸಿದೆನು; ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿದ್ದಂತೆ ಅವನ ಉಸಿರು ಸ್ವಲ್ಪ ಸಡಿಲವಾಯಿತು. ಎಳೆಯ ಮಕ್ಕಳಿಗೆ ಗಂಟಲಿನ ಕೆಳಭಾಗ ಊದಿಕೊಂಡು ಉಸಿರಿನ ದಾರಿ ಕಿರಿದಾಗುವ ಕ್ರೂಪ್ ಎಂಬ ಕಾಯಿಲೆಯೆಂದೂ, ತಂಪಾದ ಗಾಳಿಯಿಂದ ಎಷ್ಟೋ ಸಲ ಅದು ಇಳಿಯುವುದೆಂದೂ ಡಾಕ್ಟರು ಆಮೇಲೆ ಹೇಳಿದರು. ಔಷಧದ ಹಬೆಯನ್ನು ಹಿಡಿದರು. ಒಂದು ಗುಟುಕು ಔಷಧವನ್ನು ಕುಡಿಸಿದರು. ಬೆಳಗಿನ ಐದು ಗಂಟೆಗೆ ಅವನು ನನ್ನ ಬಳೆಯನ್ನು ಎಳೆಯುತ್ತ ನಗುತ್ತಿದ್ದನು. ರಾಯರು ಅಷ್ಟು ಹೊತ್ತೂ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು.

ಈ ಸುದ್ದಿ ತಿಪಟೂರಿನ ಕಡೆಯ ಹಳ್ಳಿಯಲ್ಲಿರುವ ನಮ್ಮ ಮಾವನವರಿಗೆ ಎರಡನೆಯ ದಿನ ಮುಟ್ಟಿತು. ಅವರು ತೆಂಗಿನ ತೋಟದವರು, ಹೆಚ್ಚು ಮಾತನಾಡುವವರಲ್ಲ. "ಕೊಬ್ಬರಿ ಮಾರಿದ ದುಡ್ಡು ಬ್ಯಾಂಕಿನಲ್ಲಿದೆ. ಒಂದು ಕಾರು ತಗೊಳ್ಳಮ್ಮ. ಅವನನ್ನು ಕೇಳಬೇಡ, ನಿನ್ನನ್ನು ಕೇಳುತ್ತಿದ್ದೇನೆ" ಎಂದರು. ನಾನು, "ಆಗಲಿ ಮಾವ" ಎಂದುಬಿಟ್ಟೆನು.

ಆಗಲಿ ಎಂದದ್ದು ಮನಃಪೂರ್ವಕವಾಗಿಯೇ. ಆ ವಾರವೆಲ್ಲ ಮನೆಯಲ್ಲಿ ಕಾರಿನದೇ ಮಾತು. ಯಜಮಾನರು ಒಂದು ನೋಟುಬುಕ್ಕಿನಲ್ಲಿ ಲೆಕ್ಕ ಬರೆದರು. ನಮ್ಮ ಆಟೋ ಖರ್ಚು ತಿಂಗಳಿಗೆ ಸುಮಾರು ಎರಡೂವರೆ ಸಾವಿರ. 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ಎಂದು ದರ ಏರಿದ ಮೇಲೆ ಇನ್ನಷ್ಟು. ಕಾರಿನ ಬೆಲೆಯನ್ನು ಮಾವನವರೇ ಕೊಟ್ಟರೂ ವಿಮೆ, ಪೆಟ್ರೋಲು, ರಿಪೇರಿ ಇವೆಲ್ಲ ಸೇರಿ ಅದಕ್ಕಿಂತ ಬಹಳವಾಗುತ್ತಿದ್ದಿತು. ನನ್ನನ್ನು ತಡೆದದ್ದು ಈ ಲೆಕ್ಕವಲ್ಲ; ಮಗುವಿನ ಉಸಿರಿನ ಎದುರಿಗೆ ಲೆಕ್ಕವೆಲ್ಲಿಯದು? ಕಾರನ್ನು ಎಲ್ಲಿ ನಿಲ್ಲಿಸುವುದೆಂದು ನೋಡಲು ಒಂದು ಬೆಳಿಗ್ಗೆ ಬೀದಿಗಿಳಿದೆನು. ಉಳಿದಿದ್ದುದು ಒಂದೇ ಜಾಗ: ನಮ್ಮ ಗೇಟಿನ ಎಡಕ್ಕೆ, ಮುರಿಯದೆ ಉಳಿದಿರುವ ಇಪ್ಪತ್ತು ಅಡಿ ಫುಟ್‌ಪಾತು. ಚಿಕ್ಕವನು ಕೈಬಿಡಿಸಿಕೊಂಡು ತಾನೇ ಓಡುವ ಜಾಗ ಅದು. ನಾನು ದಿನ ಬೆಳಗಾದರೆ ಶಪಿಸುತ್ತ ದಾಟುವ ಆ ಸಾಲಿನಲ್ಲಿ ಹದಿನೆಂಟನೆಯದಾಗಿ ನಮ್ಮದೂ ನಿಲ್ಲಬೇಕು. ಆ ಜಾಗವನ್ನು ನೋಡುತ್ತ ಸುಮ್ಮನೆ ನಿಂತಿದ್ದು ಮೇಲಕ್ಕೆ ಬಂದೆನು.

ಇದು ಸರಿಯಾದ ನಿರ್ಧಾರವೆಂದು ನಾನು ಯಾರಿಗೂ ಬೋಧಿಸಲಾರೆ. ನಿಜವನ್ನು ಹೇಳಬೇಕಾದರೆ, ನಮ್ಮದು ಕಾರಿಲ್ಲದ ಸಂಸಾರವೇ ಅಲ್ಲ, ಸ್ವಂತದ ಕಾರಿಲ್ಲದ ಸಂಸಾರ. ರಾಯರ ಕಾರು ಎದುರಿಗೆ ನಿಂತಿರದಿದ್ದರೆ ಅಂದು ಏನಾಗುತ್ತಿದ್ದಿತೆಂಬುದನ್ನು ನೆನೆಯಲು ನನಗೆ ಧೈರ್ಯವಿಲ್ಲ. ಆ ಹದಿನೇಳನ್ನು ಶಪಿಸುವಾಗ ಅದೊಂದನ್ನು ಬಿಟ್ಟು ಶಪಿಸಬೇಕಾಗಿದೆ. ಬಾಗಿಲು ತಟ್ಟುವ ಅವಸ್ಥೆ ಮತ್ತೆ ಬಾರದಿರಲೆಂದು ಕೆಲವು ಏರ್ಪಾಡುಗಳನ್ನು ಮಾಡಿಕೊಂಡೆವು. ಮೂಲೆಯ ಆಟೋ ನಿಲ್ದಾಣದಲ್ಲಿ ರಾತ್ರಿಯ ಹೊತ್ತು ಗಾಡಿಯಲ್ಲಿಯೇ ಮಲಗುವ ಹಿರಿಯ ಚಾಲಕರೊಬ್ಬರಿದ್ದಾರೆ. ಅವರನ್ನು ಮನೆಗೆ ಕರೆದು ಕಾಫಿ ಕೊಟ್ಟು ವಿಷಯವನ್ನು ತಿಳಿಸಿದೆವು. "ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡಿ ತಾಯಿ. ಎತ್ತದಿದ್ದರೆ ಬಂದು ಗಾಡಿ ಅಲುಗಾಡಿಸಿ" ಎಂದರು. ಅವರ ನಂಬರೂ, ಅದರ ಕೆಳಗೆ ದಪ್ಪಕ್ಷರದಲ್ಲಿ 108 ಎಂಬುದೂ ಬಾಗಿಲ ಹಿಂದೆ ಅಂಟಿವೆ. ರಾಯರು ಪೆಟ್ರೋಲಿನ ಹಣವನ್ನು ಮುಟ್ಟಲಿಲ್ಲ. ಅವರ ಮನೆಯವರಿಗೆ ಮೊಣಕಾಲಿನ ಚಿಕಿತ್ಸೆಗೆ ವಾರಕ್ಕೆರಡು ಸಲ ಜಯನಗರಕ್ಕೆ ಹೋಗಬೇಕು. ಹಗಲಿನ ಸಂದಣಿಯಲ್ಲಿ ಕಾರು ನಡೆಸಲು ರಾಯರಿಗೆ ಕಣ್ಣು ಸಾಲದು. ಈಗ ನಾನು ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿಬರುತ್ತೇನೆ. ಮೊದಲ ದಿನ ಅವರು ಹೆದರಿದ್ದರು. ಈಗ ಕಂಡಕ್ಟರಿಗೆ ಅವರ ಮಗಳ ಮದುವೆಯ ಸಮಾಚಾರವೆಲ್ಲ ಗೊತ್ತು.

ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಮಾವನವರು ಬಂದರು. ಪರಿಷೆಯ ದಿನಗಳಲ್ಲಿ ಬಸವನಗುಡಿಯ ದೇವಸ್ಥಾನದ ರಸ್ತೆಗೆ ವಾಹನಗಳನ್ನು ಬಿಡುವುದಿಲ್ಲ. ವರ್ಷವೆಲ್ಲ ನಾವು ಅಂಚಿನಲ್ಲಿ ಅಂಟಿಕೊಂಡು ನಡೆಯುವ ಆ ರಸ್ತೆಯ ನಟ್ಟನಡುವೆ ಮಕ್ಕಳಿಬ್ಬರೂ ತಾತನ ಎರಡು ಕೈಗಳನ್ನು ಹಿಡಿದುಕೊಂಡು, ಕಡಲೆಕಾಯಿಯ ಸಿಪ್ಪೆಯನ್ನು ಚೆಲ್ಲುತ್ತ, ಅರಸರಂತೆ ನಡೆದರು. ಮಾವನವರು ಕಾರಿನ ಮಾತನ್ನು ತೆಗೆಯಲಿಲ್ಲ. ತೆಗೆಯದಿದ್ದುದು ಮನಸ್ಸಿಗೆ ನೋವಾಗಿದ್ದುದರಿಂದಲೇ ಎಂದು ನನಗೆ ತಿಳಿದಿತ್ತು.

ಮರುದಿನ ಅವರನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ, ಬಂಡೆಯನ್ನು ಹತ್ತಿಸಿ, ಸಂಜೆ ಬಸ್ಸಿನಲ್ಲಿ ಹಿಂದಿರುಗಿದೆವು. ನಮ್ಮ ನಿಲ್ದಾಣ ಬಂದಿತು. ಬಸ್ಸು ಎಂದಿನಂತೆ ಒಂದು ಮಾರು ದೂರದಲ್ಲಿ ನಿಂತಿತು. ಮಾವನವರು ಪಂಚೆಯನ್ನು ಎತ್ತಿ ಹಿಡಿದು ಕಾಲನ್ನು ಕೆಳಗಿಡುವುದರಲ್ಲಿದ್ದರು, ಹಿಂದಿದ್ದ ಪುಟ್ಟಿ ಅವರ ಅಂಗಿಯ ತುದಿಯನ್ನು ಗಟ್ಟಿಯಾಗಿ ಜಗ್ಗಿ, "ತಾತ, ಇರು! ಮೊದಲು ಎಡಗಡೆ ನೋಡು" ಎಂದಳು. ಅವರು ಕಾಲನ್ನು ಹಿಂತೆಗೆದುಕೊಂಡರು. ಸ್ಕೂಟರೊಂದು ಸುಯ್ಯೆಂದು ಹಾದುಹೋಯಿತು. ಇವಳು ಕತ್ತನ್ನು ಹೊರಚಾಚಿ ಮತ್ತೊಂದು ಸಲ ನೋಡಿ, "ಈಗ ಇಳಿ" ಎಂದು ಅಪ್ಪಣೆ ಕೊಟ್ಟಳು. ಅವರು ಇಳಿದರು.

ಮನೆಗೆ ಬರುವವರೆಗೂ ಮಾವನವರು ಮಾತನಾಡಲಿಲ್ಲ. ರಾತ್ರಿ ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ, ಬಾಗಿಲ ಹಿಂದೆ ಅಂಟಿಸಿದ್ದ ಚೀಟಿಯನ್ನು ಬಹಳ ಹೊತ್ತು ನೋಡಿದರು. ಬಳಿಕ ಜೇಬಿನಿಂದ ತಮ್ಮ ಸಣ್ಣ ಡೈರಿಯನ್ನು ತೆಗೆದು ನನ್ನ ಕೈಗಿಟ್ಟು, "ಆ ದುಡ್ಡು ಹಾಗೇ ಇರುತ್ತಮ್ಮ, ಬೇಕಾದಾಗ ಕೇಳು. ಆ ಆಟೋದವರ ನಂಬರನ್ನು ಇದರಲ್ಲಿ ದಪ್ಪವಾಗಿ ಬರೆದುಕೊಡು, ನನಗೆ ಸಣ್ಣಕ್ಷರ ಕಾಣಿಸುವುದಿಲ್ಲ" ಎಂದರು.